ಟ್ರೇಲರಿನ ಅಚ್ಚು ಮುರಿದಾಗ



ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚು ಮುರಿದರೆ ಹೋಗಬೇಕಾದ ಜಾಗ ಒಂದೇ ಇತ್ತು. ಊರ ಬಡಗಿಯ ಮನೆ, ಇಲ್ಲವೇ ಕಮ್ಮಾರನ ಕುಲುಮೆ. ಕೆಲಸ ಕೆಟ್ಟಿತೋ, ಹೇರು ಹೆಚ್ಚಾಯಿತೋ ಎಂಬ ಜಗಳ ಅಲ್ಲೇ ಜಗಲಿಯ ಮೇಲೆ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಸುಗ್ಗಿಯಲ್ಲಿ ಆಯ ತೆಗೆದುಕೊಳ್ಳಲು ಅವನು ನಿಮ್ಮ ಕಣಕ್ಕೇ ಬರಬೇಕು. ಆದ್ದರಿಂದ ಮಾತಿಗೆ ತಪ್ಪುವಂತಿರಲಿಲ್ಲ.

ಈಗ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ಮಾಡಿದವರು ಒಂದೂರಲ್ಲಿ, ಮಾರಿದವರು ಇನ್ನೊಂದೂರಲ್ಲಿ, ಸಾಲ ಕೊಟ್ಟ ಬ್ಯಾಂಕು ಮತ್ತೊಂದೂರಲ್ಲಿ. ಇವರೆಲ್ಲರ ನಡುವೆ ವಾರಂಟಿ ಎಂಬ ಒಂದು ಹಾಳೆ. ಅಚ್ಚು ಮುರಿದ ದಿನ ಆ ಹಾಳೆ ಹಿಡಿದುಕೊಂಡು ಹೋದರೆ, "ಇದು ವಾರಂಟಿಗೆ ಬರೋದಿಲ್ಲ" ಅನ್ನುವ ಉತ್ತರ ಬಂದರೆ ಏನು ಮಾಡೋದು? ಈ ದಿವಸ ಅದರ ಬಗ್ಗೆ ನಾಲ್ಕು ಮಾತು ಆಡೋಣ. ಗ್ಯಾರೇಜಿನವರು ಆಕ್ಸಲ್ ಅನ್ನುವುದನ್ನೇ ನಾನು ಅಚ್ಚು ಅನ್ನುತ್ತೇನೆ. ಬಂಡಿಯಲ್ಲಿ ಅದಕ್ಕಿದ್ದ ಹೆಸರೇ ಅದು.

ಒಂದು ಸಂದರ್ಭ ಹೀಗೆ ಇಟ್ಟುಕೊಳ್ಳಿ. ಕಬ್ಬಿನ ಕಡಿತ ನಡೆದಿದೆ. ಟ್ರೇಲರು ಕೊಂಡು ಏಳು ತಿಂಗಳಾಗಿದೆ. ವಾರಂಟಿ ಒಂದು ವರ್ಷದ್ದು. ಕಾರ್ಖಾನೆಯ ದಾರಿಯಲ್ಲಿ ಎಡಗಡೆಯ ಗಾಲಿ ಅಚ್ಚಿನ ತುದಿಯ ಸಮೇತ ಕಳಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಾರಿದ ಅಂಗಡಿಯಿಂದ ಒಬ್ಬರು ಬಂದರು, ನಿಂತಲ್ಲೇ ನೋಡಿದರು.

"ಯಜಮಾನ್ರೇ, ಲೋಡು ಜಾಸ್ತಿ ಹಾಕಿದ್ದೀರಿ. ವಾರಂಟಿಗೆ ಬರೋದಿಲ್ಲ."

"ಅಲ್ಲ ಸ್ವಾಮಿ, ಎಲ್ಲರೂ ಹಾಕೋ ಅಷ್ಟೇ ಹಾಕಿದ್ದು."

"ನಾನೂ ಅದನ್ನೇ ಹೇಳ್ತಿರೋದು. ಎಲ್ಲರೂ ಜಾಸ್ತೀನೇ ಹಾಕ್ತಾರೆ."

ನೋಡಿದಿರಾ, ಒಂದೇ ಮಾತಿನಲ್ಲಿ ರೈತರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಕೊಟ್ಟುಬಿಟ್ಟರು. ಇನ್ನು ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಆ ಅವಸರದಲ್ಲಿ ಅದೇ ರಾತ್ರಿ ಟ್ರೇಲರನ್ನು ವೆಲ್ಡಿಂಗ್ ಅಂಗಡಿಗೆ ಎಳೆಸಿದರು. ಮುರಿದ ಎರಡು ಮುಖಗಳನ್ನೂ ಗ್ರೈಂಡರಿನಿಂದ ಉಜ್ಜಿ, ಬೆಸೆದು, ಬೆಳಗಾಗುವುದರೊಳಗೆ ರಸ್ತೆಗೆ ಬಿಟ್ಟರು. ಕಬ್ಬೇನೋ ಕಾರ್ಖಾನೆ ಸೇರಿತು. ಆದರೆ ಅಚ್ಚು ಏಕೆ ಮುರಿಯಿತು ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿ ಆ ಗ್ರೈಂಡರಿನ ಕಿಡಿಯ ಜೊತೆಯಲ್ಲಿ ಹಾರಿಹೋಯಿತು. ಆಮೇಲೆ ಯಾವ ಕಟ್ಟೆ ಹತ್ತಿದರೂ ಪ್ರಯೋಜನ ಕಡಮೆ.

ಮುರಿದ ಕಬ್ಬಿಣ ಮಾತಾಡುತ್ತದೆ, ಬಾಂಧವರೇ. ಅದನ್ನು ಓದುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಟ್ರೇಲರಿನ ಅಚ್ಚು ಸಾಮಾನ್ಯವಾಗಿ ಚೌಕ ಉಕ್ಕಿನ ದಪ್ಪ ಸರಳು. ಎರಡು ತುದಿಗಳನ್ನು ಲೇತಿಗೆ ಕೊಟ್ಟು ದುಂಡಗೆ ಕಡೆದಿರುತ್ತಾರೆ. ಕೆಲವರು ದುಂಡು ತುದಿಯನ್ನು ಬೇರೆ ಮಾಡಿ ಬೆಸೆಯುತ್ತಾರೆ. ಆ ದುಂಡು ತುದಿಯ ಮೇಲೆ ಎರಡು ಬೇರಿಂಗು, ಬೇರಿಂಗಿನ ಮೇಲೆ ಗಾಲಿಯ ಗುಂಬ, ಅಂದರೆ ಹಬ್. ಬಂಡಿಗೆ ಕಡೆಗೀಲು ಇದ್ದ ಹಾಗೆ ಇಲ್ಲಿ ಒಂದು ನಟ್ಟು, ಅದು ಬಿಚ್ಚದಂತೆ ಒಂದು ಕಾಟರ್ ಪಿನ್ನು. ಚೌಕ ಮುಗಿದು ದುಂಡು ಶುರುವಾಗುವ ಮೂಲೆ, ಬೆಸುಗೆಯ ಅಂಚು, ಇವೆರಡೇ ಅಚ್ಚಿನ ಬಡ ಜಾಗಗಳು. ಆ ಮೂಲೆಯನ್ನು ನಯವಾಗಿ, ಬಾಗು ಕೊಟ್ಟು ಕಡೆಯಬೇಕು. ಚೂಪಾಗಿ ಬಿಟ್ಟರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಈಗ ಮುರಿದ ಮುಖವನ್ನು ನೋಡಿ. ಒಂದು ಭಾಗ ನಯವಾಗಿ, ಕಪ್ಪಗೋ ತುಕ್ಕಿನ ಬಣ್ಣಕ್ಕೋ ತಿರುಗಿ, ಅದರ ಮೇಲೆ ಕಪ್ಪೆಚಿಪ್ಪಿನ ಬೆನ್ನಿನ ಮೇಲೆ ಇರುವಂಥ ಗೆರೆಗಳು ಕಾಣುತ್ತವೆಯೇ? ಉಳಿದ ಭಾಗ ಕಲ್ಲುಸಕ್ಕರೆ ಒಡೆದ ಹಾಗೆ ಒರಟಾಗಿ ಹೊಳೆಯುತ್ತದೆಯೇ? ಹಾಗಿದ್ದರೆ ಆ ಅಚ್ಚು ಆ ದಿನ ಮುರಿದದ್ದಲ್ಲ. ಬಿರುಕು ಹಲವು ದಿನಗಳಿಂದ ಒಳಗೊಳಗೇ ಬೆಳೆಯುತ್ತ ಬಂದು, ಉಳಿದ ಉಕ್ಕು ಹೇರು ತಡೆಯಲಾರದೆ ಆ ದಿನ ಕೈಬಿಟ್ಟಿತು. ಗೆರೆಗಳೆಲ್ಲ ಯಾವ ಬಿಂದುವಿನ ಸುತ್ತ ಹರಡಿವೆಯೋ ಅದೇ ಬಿರುಕಿನ ತವರು. ಆ ಬಿಂದು ಬೆಸುಗೆಯ ಅಂಚಿನಲ್ಲಿದ್ದರೆ, ಚೂಪು ಮೂಲೆಯಲ್ಲಿದ್ದರೆ, ಉಕ್ಕಿನೊಳಗೆ ಸೇರಿಕೊಂಡ ಕಲ್ಮಶದಲ್ಲಿದ್ದರೆ, ತಯಾರಿಕೆಯ ಕಡೆಗೇ ಬೆರಳು ತೋರುತ್ತದೆ. ಬೆಸುಗೆಯೇ ಬಿಟ್ಟಿದ್ದರೆ ಇನ್ನೊಂದು ಗುರುತು ಉಂಟು. ಬೆಸುಗೆ ಮೇಲುಮೇಲೆ ಮಾತ್ರ ಹಿಡಿದು, ಒಳಗೆ ಉಕ್ಕು ಕರಗಿ ಕೂಡಿಕೊಳ್ಳದೆ ಹಾಗೇ ಉಳಿದಿರುವುದು ಕಣ್ಣಿಗೇ ಕಾಣುತ್ತದೆ.

ಅಚ್ಚು ಮುರಿಯುವ ಮೊದಲು ಚೆನ್ನಾಗಿ ಬಗ್ಗಿದೆ, ಮುರಿದ ಮುಖ ಎಲ್ಲ ಕಡೆಯೂ ಒಂದೇ ರೀತಿ ಒರಟಾಗಿದೆ, ಹಳೆಯ ಬಿರುಕಿನ ಗುರುತೇ ಇಲ್ಲ ಅನ್ನಿ. ಅದು ಒಂದೇ ಏಟಿಗೆ ಆದದ್ದು. ಹೆಚ್ಚು ಹೇರು, ಇಲ್ಲವೇ ಹೇರಿನೊಡನೆ ದೊಡ್ಡ ಗುಂಡಿಗೆ ಬಿದ್ದದ್ದು. ಇಲ್ಲಿ ಕಂಪನಿಯ ಮಾತಿಗೆ ಬಲವಿದೆ.

ಒಂದು ಮಾತನ್ನು ಮುಚ್ಚಿಡಬಾರದು. ದಿನಾಲೂ ಮಿತಿಮೀರಿ ಹೇರಿದರೂ ನಿಧಾನವಾಗಿ ಬೆಳೆಯುವ ಬಿರುಕು ಹುಟ್ಟಬಹುದು. ಆದ್ದರಿಂದ ಗೆರೆ ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ. ಬಿರುಕು ಎಲ್ಲಿ ಹುಟ್ಟಿತು ಅನ್ನುವುದೇ ಮುಖ್ಯ. ಅದನ್ನು ಖಚಿತವಾಗಿ ಹೇಳುವವರು ಲೋಹದ ಕೆಲಸ ಬಲ್ಲ ಇಂಜಿನಿಯರು; ಅಂಗಡಿಯ ಮಾರಾಟದ ಹುಡುಗನೂ ಅಲ್ಲ, ನಾನೂ ಅಲ್ಲ, ನೀವೂ ಅಲ್ಲ.

ಇನ್ನು ಬೇರಿಂಗಿನಿಂದ ಕೆಡುವ ಅಚ್ಚುಗಳ ವಿಚಾರ. ಇಲ್ಲಿ ಉಕ್ಕು ನೀಲಿಗೆ ತಿರುಗಿರುತ್ತದೆ, ಗ್ರೀಸು ಸುಟ್ಟು ಕರಿಯಾಗಿ ಗಟ್ಟಿಯಾಗಿರುತ್ತದೆ, ಬೇರಿಂಗು ಕೂರುವ ಜಾಗದಲ್ಲಿ ಉಜ್ಜಿದ ಗಾಯಗಳಿರುತ್ತವೆ. ಕಾರಣ ಹಲವು. ನಟ್ಟನ್ನು ಅತಿಯಾಗಿ ಬಿಗಿದದ್ದು, ಗ್ರೀಸು ಒಣಗಿದ್ದು, ಸೀಲು ಹರಿದು ಕೆಸರು ನೀರು ಹೊಕ್ಕದ್ದು. ಟ್ರೇಲರನ್ನು ಕೆರೆಗೆ ಇಳಿಸಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಉಂಟಷ್ಟೆ. ಗುಂಬ ಬಿಸಿ ಇದ್ದಾಗಲೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಂಡಿಗೆ ವಾರವಾರ ಕೀಲೆಣ್ಣೆ ಹಾಕುತ್ತಿದ್ದ ಮನೆಯಲ್ಲೇ ಟ್ರೇಲರಿನ ಗುಂಬವನ್ನು ವರ್ಷಗಟ್ಟಲೆ ಬಿಚ್ಚದೆ ಇರುವುದುಂಟು. ಕೆಲವು ಟ್ರೇಲರುಗಳು ಕಾರ್ಖಾನೆಯಿಂದಲೇ ಸಾಕಷ್ಟು ಗ್ರೀಸಿಲ್ಲದೆ, ಸೀಲನ್ನು ತಿರುವುಮುರುವು ಹಾಕಿಸಿಕೊಂಡು ಬರಲೂಬಹುದು. ಅದು ತಯಾರಿಕೆಯ ತಪ್ಪು. ಯಾರದು ತಪ್ಪು ಎಂದು ತಿಳಿಯಬೇಕಾದರೆ ಆ ಸುಟ್ಟ ಗ್ರೀಸೂ ಸಾಕ್ಷಿಯೇ. ಡೀಸೆಲಿನಲ್ಲಿ ತೊಳೆದುಬಿಡಬೇಡಿ.

ಇವೆರಡೂ ಅಲ್ಲದೆ ಮೂರನೆಯದೊಂದಿದೆ. ಅಚ್ಚು ಮುರಿದಿಲ್ಲ, ಆದರೆ ಒಂದು ಟಯರಿನ ಒಳಅಂಚು ಮಾತ್ರ ಬೇಗ ಬೇಗ ಸವೆಯುತ್ತಿದೆ. ಎರಡು ಗಾಲಿಯ ಟ್ರೇಲರಾದರೆ ಒಂದು ಹುರಿ ಹಿಡಿದು ನೋಡಿ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ನಡುವಿನಿಂದ ಅಚ್ಚಿನ ಬಲತುದಿಗೆ ಎಷ್ಟೋ ಎಡತುದಿಗೂ ಅಷ್ಟೇ ಇರಬೇಕು. ವ್ಯತ್ಯಾಸವಿದ್ದರೆ ಅಚ್ಚನ್ನು ಓರೆಯಾಗಿ ಕೂರಿಸಿದ್ದಾರೆ, ಇಲ್ಲವೇ ಯು-ಬೋಲ್ಟು ಸಡಿಲವಾಗಿ ಅಚ್ಚು ಸರಿದಿದೆ. ಹೊಸ ಟ್ರೇಲರು ಮನೆಗೆ ತಂದ ದಿನವೇ ಈ ಅಳತೆ ತೆಗೆದು ಬರೆದಿಟ್ಟರೆ ಮುಂದೆ ಬಹಳ ಉಪಯೋಗ.

ಹೇರಿನ ಲೆಕ್ಕಕ್ಕೆ ಬರೋಣ. ಇಲ್ಲಿ ನಮ್ಮ ಮನೆಯನ್ನು ನಾವು ಮೊದಲು ಗುಡಿಸಿಕೊಳ್ಳಬೇಕು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ರೇಲರಿನಲ್ಲಿ 90 ಘನ ಅಡಿ ಹಿಡಿಯುತ್ತದೆ. ಅದರ ತುಂಬ ಒಣ ಹುಲ್ಲು ತುಂಬಿದರೆ ಅಚ್ಚಿಗೆ ಆಟ. ಅದೇ ಅಳತೆಗೆ ಒದ್ದೆ ಮರಳು ತುಂಬಿ ಮೇಲೆ ಹಲಗೆ ಎಳೆದು ಸಮ ಮಾಡಿದರೂ ತೂಕ 4 ಟನ್ನು ದಾಟುತ್ತದೆ. ಟ್ರೇಲರು 3 ಟನ್ನಿನದಾದರೆ? ತುಂಬಿ ತುಳುಕದೆ ಇದ್ದರೂ ಹೇರು ಹೆಚ್ಚೇ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ. ಎಷ್ಟು ಹೇರಬಹುದು ಎಂಬುದು ನಿಮ್ಮ ಟ್ರೇಲರಿನ ಆರ್.ಸಿ. ಪುಸ್ತಕದಲ್ಲೇ ಸಿಗುತ್ತದೆ. ಹೇರು ಸಹಿತ ಇರಬಹುದಾದ ಒಟ್ಟು ತೂಕದಿಂದ ಬರಿಯ ಟ್ರೇಲರಿನ ತೂಕ ಕಳೆದರೆ ಉಳಿದದ್ದೇ ನಿಮ್ಮ ಹೇರು. ಕಂಪನಿಯವರು ಮೊದಲು ತೆಗೆದು ತೋರಿಸುವುದೂ ಅದನ್ನೇ.

ಕಬ್ಬಿನ ರೈತರಿಗೆ ಒಂದು ಅನುಕೂಲ ಉಂಟು. ಅದೇ ಅಪಾಯವೂ ಹೌದು. ಕಾರ್ಖಾನೆಯ ತೂಕದ ಸೇತುವೆ ಪ್ರತಿ ಸಲ ಚೀಟಿ ಕೊಡುತ್ತದೆ. ಏಳು ತಿಂಗಳ ಚೀಟಿಗಳೂ ಮಿತಿಯೊಳಗೆ ಇದ್ದರೆ "ಓವರ್‌ಲೋಡ್" ಅನ್ನುವ ಮಾತಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಮಿತಿಮೀರಿದ್ದರೆ ಅದೇ ಚೀಟಿಗಳು ನಿಮ್ಮ ಎದುರು ನಿಲ್ಲುತ್ತವೆ. ಬಾಡಿಯ ಹಲಗೆಯನ್ನು ಏರಿಸಿ ಎತ್ತರ ಮಾಡಿಸಿದ್ದರೂ ಅಷ್ಟೇ. ಬದಲಾವಣೆ ಮಾಡಿದ್ದೀರಿ ಅನ್ನುವ ಕಾರಣ ಅವರ ಕೈಗೆ ಸಿಕ್ಕಿತು ಅನ್ನಿ.

ನಿಮ್ಮ ಕಡೆ ಸರಿಯಾಗಿದೆ, ಆದರೂ ಅಂಗಡಿಯವರು ಇಲ್ಲ ಅನ್ನುತ್ತಾರೆ. ಆಗ ಏನು?

ಮೊದಲು, ಮುರಿದ ಜಾಗವನ್ನು ಮುಟ್ಟುವುದಕ್ಕೆ ಮುಂಚೆ ಕೈಯಲ್ಲಿರುವ ಫೋನಿನಿಂದ ಚಿತ್ರ ತೆಗೆಯಿರಿ. ದೂರದಿಂದ, ಹತ್ತಿರದಿಂದ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು. ಹೇರು, ರಸ್ತೆ, ಟಯರು, ಟ್ರೇಲರಿನ ನಂಬರಿನ ತಗಡು, ಎಲ್ಲ ಬರಲಿ. ಮುರಿದ ಎರಡು ಮುಖಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಆಸೆ ಬೇಡ. ಉಜ್ಜಿದರೆ ಗುರುತು ಅಳಿಯುತ್ತದೆ. ಒಣಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನೊಳಗೆ ಹಾಕಿ, ಒಣ ಜಾಗದಲ್ಲಿ ಇಡಿ. "ಕಂಪನಿಗೆ ಕಳಿಸಿ ಪರೀಕ್ಷೆ ಮಾಡಿಸ್ತೀವಿ, ಕೊಡಿ" ಎಂದು ಕೇಳಬಹುದು. ಕೊಡಲೇಬೇಕಾಗಿ ಬಂದರೆ ಏನು ಕೊಟ್ಟಿರಿ, ಯಾವ ತಾರೀಖು, ಯಾರ ಕೈಗೆ ಎಂದು ಬರೆಸಿ ಸಹಿ, ಮೊಹರು ಹಾಕಿಸಿಕೊಳ್ಳಿ. ಎರಡು ತುಂಡಿನಲ್ಲಿ ಒಂದನ್ನು ಉಳಿಸಿಕೊಂಡರೆ ಇನ್ನೂ ಒಳ್ಳೆಯದು.

ಕಬ್ಬು ನಿಂತಿದೆಯಲ್ಲ, ಅದಕ್ಕೇನು ಮಾಡೋಣ ಅನ್ನುತ್ತೀರಿ. ಬಾಡಿಗೆಗೆ ಬೇರೆ ಟ್ರೇಲರು ತನ್ನಿ. ಬಾಡಿಗೆಯ ರಸೀದಿ ಪಡೆಯಿರಿ, ಮುಂದೆ ಕೇಳುವಾಗ ಬೇಕಾಗುತ್ತದೆ. ಬೇರೆ ದಾರಿಯಿಲ್ಲದೆ ರಿಪೇರಿ ಮಾಡಿಸಲೇಬೇಕಾದರೆ, "ಇಂಥ ದಿನದೊಳಗೆ ಬಂದು ನೋಡಿ, ಬಾರದಿದ್ದರೆ ಬೇರೆ ಅಚ್ಚು ಹಾಕಿಸುತ್ತೇನೆ" ಎಂದು ಮೊದಲು ಬರೆದು ತಿಳಿಸಿ. ಆಮೇಲೆ ಇಡೀ ಅಚ್ಚನ್ನು ಬದಲಿಸಿ, ಹಳೆಯದನ್ನು ಹಾಗೆಯೇ ಇಟ್ಟುಕೊಳ್ಳಿ. ಮುರಿದದ್ದನ್ನೇ ಬೆಸೆಯುವುದು ಬೇಡ. ಆ ಬೆಸುಗೆ ಹೇರು ಹೊತ್ತು ನಿಲ್ಲುವುದೆಂಬ ಭರವಸೆಯೂ ಇಲ್ಲ.

ಎರಡನೆಯದಾಗಿ, ಬಾಯಿಮಾತು ಸಾಕು, ಕಾಗದ ಬೇಕು. ಮಾರಿದವರಿಗೂ ತಯಾರಿಸಿದವರಿಗೂ ಒಂದೇ ಕಾಗದ ಬರೆಯಿರಿ. ಉದ್ದ ಬೇಡ, ಬೈಗುಳವೂ ಬೇಡ. ಹೀಗಿದ್ದರೆ ಸಾಕು:

"ನಾನು ಇಂಥ ತಾರೀಖು ಇಂಥ ಬಿಲ್ಲಿನ ಪ್ರಕಾರ ನಿಮ್ಮಿಂದ ಇಂಥ ನಂಬರಿನ ಟ್ರೇಲರನ್ನು ಕಬ್ಬು ಸಾಗಿಸುವುದಕ್ಕಾಗಿ ಕೊಂಡೆನು. ಇಂಥ ತಾರೀಖು ಇಷ್ಟು ಹೇರು ಇದ್ದಾಗ ಎಡಗಡೆಯ ಅಚ್ಚು ಗಾಲಿಯ ಬಳಿ ಮುರಿಯಿತು. ತೂಕದ ಚೀಟಿ ಮತ್ತು ಚಿತ್ರಗಳನ್ನು ಲಗತ್ತಿಸಿದ್ದೇನೆ. ವಾರಂಟಿಯ ಪ್ರಕಾರ ಅಚ್ಚನ್ನು ಬದಲಿಸಿಕೊಡಬೇಕು. ಆಗುವುದಿಲ್ಲವಾದರೆ ಯಾವ ಷರತ್ತಿನ ಮೇಲೆ, ಯಾವ ಪರೀಕ್ಷೆಯ ಆಧಾರದ ಮೇಲೆ ಆಗುವುದಿಲ್ಲ ಎಂಬುದನ್ನು 15 ದಿನಗಳೊಳಗಾಗಿ ಬರೆದು ತಿಳಿಸಬೇಕು. ಮುರಿದ ಭಾಗಗಳು ನನ್ನ ಬಳಿ ಇವೆ, ಬಂದು ನೋಡಬಹುದು."

ಕೊನೆಯ ಮೂರು ವಾಕ್ಯಗಳಲ್ಲೇ ಈ ಕಾಗದದ ಜೀವ ಇರುವುದು. ಓವರ್‌ಲೋಡ್ ಎಂದು ಬಾಯಲ್ಲಿ ಹೇಳುವುದು ಸುಲಭ. ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಬರೆದು ಕೊಡಿ ಅಂದಾಗ ಕೈ ಹಿಂದೆಮುಂದೆ ನೋಡುತ್ತದೆ. ಕಾಗದವನ್ನು ಅಂಚೆಯಲ್ಲೇ ಕಳಿಸಿ. ಹಿಂದಿನ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ರುಜುವಾತು ಪಡೆಯಿರಿ. ಸಹಾಯಧನದಲ್ಲಿ ಕೊಂಡದ್ದಾದರೆ ರೈತ ಸಂಪರ್ಕ ಕೇಂದ್ರಕ್ಕೂ ಒಂದು ಪ್ರತಿ ಕೊಡಿ.

ವಾರಂಟಿ ಹಾಳೆಯನ್ನೂ ಈ ವೇಳೆಗೆ ಒಮ್ಮೆ ಓದಿಸಿ ಕೇಳಿ. ಟಯರಿಗೆ, ಬೇರಿಂಗಿಗೆ ಬೇರೆ ಕಂಪನಿಯ ವಾರಂಟಿ ಇರಬಹುದು. ಅದನ್ನು ಅಲ್ಲಿಯೇ ಕೇಳಬೇಕು. ಹಾಳೆಯಲ್ಲಿ ಬರೆದಷ್ಟೇ ನಿಮ್ಮ ಹಕ್ಕು ಎಂದೂ ತಿಳಿಯಬೇಡಿ. 1930ರ ಸರಕು ಮಾರಾಟ ಕಾಯಿದೆ ಇನ್ನೂ ಜಾರಿಯಲ್ಲಿದೆ. ಇಂಥ ಕೆಲಸಕ್ಕೆ ಬೇಕು ಎಂದು ತಿಳಿಸಿ, ಮಾರುವವರ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಸಾಮಾನ್ಯವಾಗಿ ಆ ಕೆಲಸಕ್ಕೆ ತಕ್ಕುದಾಗಿರಬೇಕು ಎಂದು ಅದು ಹೇಳುತ್ತದೆ. ಅದಕ್ಕೇ ಕೊಳ್ಳುವ ದಿನ ಬಿಲ್ಲಿನ ಮೇಲೆ "ಕಬ್ಬು ಸಾಗಣೆಗೆ, ಇಷ್ಟು ಟನ್ನು" ಎಂದು ಬರೆಸಿಕೊಳ್ಳಿ ಅನ್ನುವುದು.

ಇಷ್ಟಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ಮುಟ್ಟಿಸುತ್ತಾರೆ, ಆದರೆ ತೀರ್ಪು ಕೊಡಲಾರರು. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ರೈತರಿಗೆ ದೊಡ್ಡ ಅನುಕೂಲವೊಂದಿದೆ. ಕಂಪನಿ ಎಲ್ಲೇ ಇರಲಿ, ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬುದಿಲ್ಲ. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು. "ನೋಡೋಣ, ಮುಂದಿನ ತಿಂಗಳು ಬನ್ನಿ" ಅನ್ನುವ ಮಾತಿನಲ್ಲೇ ಆ ಎರಡು ವರ್ಷ ಕಳೆದುಹೋಗದಂತೆ ನೋಡಿಕೊಳ್ಳಿ.

ಅಲ್ಲಿ ಎದುರು ಕಡೆಯವರು ಹೂಡುವ ವಾದಗಳಲ್ಲಿ ಒಂದು, "ಇವರು ಟ್ರೇಲರನ್ನು ಬಾಡಿಗೆಗೆ ಓಡಿಸುತ್ತಾರೆ, ಇದು ವ್ಯಾಪಾರ, ಇವರು ಗ್ರಾಹಕರೇ ಅಲ್ಲ" ಎಂಬುದು. ಗಾಬರಿ ಬೇಡ. ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡ ವಸ್ತುವನ್ನು ಕಾಯಿದೆ ವ್ಯಾಪಾರದ ಲೆಕ್ಕಕ್ಕೆ ಸೇರಿಸುವುದಿಲ್ಲ. ತಾನೇ ಓಡಿಸಿ ಹೊಟ್ಟೆ ಹೊರೆಯಲು ಆಟೋರಿಕ್ಷಾ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರ ಒಂದು ತೀರ್ಪಿನಲ್ಲಿ ಉದಾಹರಣೆ ಕೊಟ್ಟೇ ಹೇಳಿದೆ. ನಾಲ್ಕೈದು ಟ್ರೇಲರು ಇಟ್ಟು, ಆಳುಗಳ ಕೈಲಿ ಓಡಿಸಿ ಗುತ್ತಿಗೆ ಮಾಡುವವರ ಮಾತು ಬೇರೆ.

ದೋಷವಿತ್ತು ಎಂದು ತೋರಿಸುವ ಹೊಣೆ ಮೊದಲು ದೂರು ಕೊಟ್ಟವರ ಮೇಲೆಯೇ ಬೀಳುತ್ತದೆ. ಪರೀಕ್ಷೆ ಇಲ್ಲದೆ ಗೊತ್ತಾಗದ ದೋಷವಾದರೆ ಆಯೋಗವೇ ಆ ವಸ್ತುವಿಗೆ ಮೊಹರು ಹಾಕಿ ತಕ್ಕ ಪ್ರಯೋಗಶಾಲೆಗೆ ಕಳಿಸಬಹುದು. 45 ದಿನಗಳಲ್ಲಿ ವರದಿ ಬರಬೇಕೆಂದು ಕಾಯಿದೆ ಹೇಳುತ್ತದೆ. ಪರೀಕ್ಷೆಯ ಶುಲ್ಕವನ್ನು ದೂರುದಾರರು ಕಟ್ಟಬೇಕಾಗಿ ಬರಬಹುದು. ಆದರೆ ಕಳಿಸಲು ಮುರಿದ ಅಚ್ಚು ಇರಬೇಕಲ್ಲ! ಬೆಸೆದ ಅಚ್ಚಿನಲ್ಲಿ ಪ್ರಯೋಗಶಾಲೆಗೆ ಕಾಣುವುದು ಊರ ವೆಲ್ಡಿಂಗಿನ ಗುಣವೇ ಹೊರತು ಕಂಪನಿಯದಲ್ಲ.

ಅಚ್ಚು ಮುರಿದು ಟ್ರೇಲರು ಮಗುಚಿ ಜನರಿಗೆ ಪೆಟ್ಟಾಗಿದ್ದರೆ, ಟ್ರ್ಯಾಕ್ಟರು ಜಖಂ ಆಗಿದ್ದರೆ, ಅದಕ್ಕೆ ತಯಾರಕರ ಹೊಣೆಗಾರಿಕೆಯ ಬೇರೆ ಅಧ್ಯಾಯವೇ ಆ ಕಾಯಿದೆಯಲ್ಲಿದೆ. ಅಂಥ ವಿಷಯವನ್ನು ವಕೀಲರ ಹತ್ತಿರ ಒಯ್ಯಿರಿ; ಪೊಲೀಸರಿಗೂ ವಿಮಾ ಕಂಪನಿಗೂ ಆ ದಿನವೇ ತಿಳಿಸಿ.

ಕಡೆಗೆ ಹೊಸ ಅಚ್ಚು ಬಂತು ಅನ್ನಿ. ಅದಕ್ಕೆ ವಾರಂಟಿ ಹೊಸದಾಗಿ ಶುರುವೋ, ಹಳೆಯದರಲ್ಲಿ ಉಳಿದಷ್ಟೇ ತಿಂಗಳೋ ಕೇಳಿ ಬರೆಸಿಕೊಳ್ಳಿ. ಕೂರಿಸುವಾಗ ಹತ್ತಿರ ನಿಲ್ಲಿ. ಗಾಲಿಯನ್ನು ಕೈಯಿಂದ ತಿರುಗಿಸುತ್ತ ನಟ್ಟನ್ನು ಬಿಗಿಯಾಗುವ ತನಕ ತಿರುವಿ, ಆಮೇಲೆ ಗಾಲಿ ಸಲೀಸಾಗಿ ಸುತ್ತುವಷ್ಟು ಮಾತ್ರ ಸಡಿಲಿಸಿ, ಹೊಸ ಕಾಟರ್ ಪಿನ್ನು ಹಾಕಬೇಕು. ಹಳೆಯದನ್ನೇ ನೇರ ಮಾಡಿ ಹಾಕಕೂಡದು. ಮೊದಲ ಸಲ ಹೇರು ಹಾಕಿ ಐದಾರು ಕಿಲೋಮೀಟರು ಹೋದಮೇಲೆ ನಿಲ್ಲಿಸಿ, ಎರಡು ಗುಂಬಗಳನ್ನೂ ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದರ ಮೇಲೆ ಕೈ ಇಡಲಾರದಷ್ಟು ಬಿಸಿಯಿದ್ದರೆ ಮುಂದಕ್ಕೆ ಹೋಗಬೇಡಿ; ಆರಲು ಬಿಟ್ಟು, ಕೂರಿಸಿದವರನ್ನು ಅಲ್ಲಿಗೇ ಕರೆಸಿ. ಆ ವಾರ ಕಳೆಯುವುದರೊಳಗೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಹುರಿಯ ಅಳತೆಯನ್ನು ತಾರೀಖಿನ ಸಮೇತ ಬಿಲ್ಲಿನ ಹಿಂದೆ ಬರೆದಿಡಿ.